ಭರ್ತಿ ಯಂತ್ರ ಮತ್ತು ನಾಲ್ಕನೆಯ ಸೋದರಮಾವ

ಬೆಳಿಗ್ಗೆ ಒಂಬತ್ತೂವರೆಗೆ ಗದಗಿನ ದರ್ಪಣ ಫೋಟೊ ಸ್ಟುಡಿಯೊದಲ್ಲಿ ನಾಲ್ಕು ಹಾರ್ಡ್ ಡಿಸ್ಕುಗಳ ಡಬ್ಬಿ ಸತ್ತಿರುವುದು ಪತ್ತೆಯಾಯಿತು. ಹಿಂದಿನ ದಿನ ಆಯುಧಪೂಜೆ. ಪೂಜೆ ಮಾಡಿದವನು ಅಂದಾನೆಪ್ಪ.

ಸ್ಟುಡಿಯೊದ ಒಡತಿ ನೀಲಾಂಬಿಕಾ ಅವನ ಹೆಂಡತಿ. ಮದುವೆಗಳ ಫೋಟೊ ತೆಗೆಯುವವಳು, ತಿದ್ದುವವಳು, ಆಲ್ಬಮ್ ಜೋಡಿಸುವವಳು ಎಲ್ಲವೂ ಅವಳೇ. ಅಂದಾನೆಪ್ಪ ಮೊದಲು ಟಿ.ವಿ. ರಿಪೇರಿ ಮಾಡುತ್ತಿದ್ದ. ಜನ ಕೆಟ್ಟ ಟಿ.ವಿ.ಯನ್ನು ರಿಪೇರಿಗೆ ಕೊಡುವುದನ್ನು ಬಿಟ್ಟು ಹೊಸದು ತರಲು ಶುರುಮಾಡಿದ ಮೇಲೆ ಸಂಶೋಧಕನಾದ. ಅವನ ರೊಟ್ಟಿ ಯಂತ್ರ ಮೊದಲ ರೊಟ್ಟಿಯನ್ನು ಪಕ್ಕದ ಮನೆಯ ಮಾಳಿಗೆಗೆ ಎಸೆದಿತ್ತು. ಎರಡನೆಯ ರೊಟ್ಟಿಯನ್ನು ಯಾರೂ ಹಾಕಲಿಲ್ಲ.

ಡಬ್ಬಿ ಸತ್ತದ್ದು ಹೇಗೆ ಎಂಬುದು ವಿಚಾರಣೆಯ ಮೊದಲ ಹಂತದಲ್ಲೇ ಹೊರಬಿತ್ತು. ಪೂಜೆಯ ಹೊತ್ತಿಗೆ ಅಂದಾನೆಪ್ಪ ಕ್ಯಾಮೆರಾಗಳಿಗೆ, ಟ್ರೈಪಾಡಿಗೆ, ಪ್ರಿಂಟರಿಗೆ ವಿಭೂತಿ ಕುಂಕುಮ ಹಚ್ಚಿ, ಡಬ್ಬಿಯ ಮುಂದೆ ಬಂದು ನಿಂತಿದ್ದ. ಕೆಲಸ ಮಾಡುವವು ಒಳಗಿನ ಡಿಸ್ಕುಗಳು, ಪೂಜೆ ಮಾತ್ರ ಹೊರಗಿನ ತಗಡಿಗೆ ಎನ್ನುವುದು ಅವನಿಗೆ ನ್ಯಾಯವೆನಿಸಲಿಲ್ಲ. ನಾಲ್ಕನ್ನೂ ಎಳೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದೊಂದಕ್ಕೂ ಮೂರು ಬೆರಳಿನ ವಿಭೂತಿ ಎಳೆದು, ಚೆಂಡುಹೂ ಮುಟ್ಟಿಸಿ, ಕೈಗೆ ಸಿಕ್ಕ ಕ್ರಮದಲ್ಲಿ ಮತ್ತೆ ತೂರಿಸಿದ್ದ.

"ಕರೆಂಟ್ ಇದ್ದಾಗ್ಲೇ ಎಳದ್ರೇನು?" ಎಂದು ನೀಲಾಂಬಿಕಾ ಕೇಳಿದಳು.

"ಪೂಜಾ ಹೊತ್ನ್ಯಾಗ ಲೈಟ್ ಆರಸ್ತಾರೇನು?"

ಅವಳು ಬೈಯಲಿಲ್ಲ. ಬೈಯುವುದಕ್ಕೆ ಸಂಜೆ ಇತ್ತು, ಮಧ್ಯಾಹ್ನಕ್ಕೆ ಶಿವಗಂಗವ್ವ ಬರುವವರಿದ್ದರು.

ಬೆಟಗೇರಿಯ ಶಿವಗಂಗವ್ವನ ಮಗಳು ಸಹನಾಳ ಮದುವೆ ಆಗಿ ಹೆಚ್ಚು ದಿನವಾಗಿರಲಿಲ್ಲ. ಆ ಮದುವೆಯ ಅಷ್ಟೂ ಫೋಟೊ, ಅಷ್ಟೂ ವಿಡಿಯೊ ಆ ಡಬ್ಬಿಯಲ್ಲಿ ಬಿಟ್ಟು ಬೇರೆಲ್ಲೂ ಇರಲಿಲ್ಲ. ಮರುದಿನವೇ ಇನ್ನೊಂದು ಮದುವೆ ಇದ್ದುದರಿಂದ ಕ್ಯಾಮೆರಾದ ಕಾರ್ಡುಗಳನ್ನು ನೀಲಾಂಬಿಕಾ ಅಳಿಸಿಬಿಟ್ಟಿದ್ದಳು. ಅವಳಿಗೆ ಧೈರ್ಯ ಇದ್ದದ್ದು ಡಬ್ಬಿಯ ಮೇಲೆ. ನಾಲ್ಕು ಡಿಸ್ಕಿನಲ್ಲಿ ಒಂದು ಸತ್ತರೂ ಉಳಿದ ಮೂರರಿಂದ ಲೆಕ್ಕಹಾಕಿ ಅದರಲ್ಲಿದ್ದುದನ್ನು ಹೊರತೆಗೆಯಬಹುದು, ಹಾಗೆ ಹಂಚಿ ಬರೆದಿರುತ್ತದೆ ಎಂದು ಅವಳೇ ಶಿವಗಂಗವ್ವನಿಗೆ ಹೇಳಿದ್ದಳು. ನಿಮ್ಮ ಮಗಳ ಮದುವೆಗೆ ನಾನು ಜವಾಬ್ದಾರಿ ಎಂದೂ ಹೇಳಿದ್ದಳು. ನಾಲ್ಕು ಗಂಟೆಗೆ ಆ ತಾಯಿ ಆಲ್ಬಮ್ಮಿಗೆ ಫೋಟೊ ಆರಿಸಲು ಬರುತ್ತಾರೆ. ಏನೆಂದು ತೋರಿಸುವುದು? ಸೀರೆ ಮತ್ತೆ ಉಡಬಹುದು, ಮಂಟಪ ಮತ್ತೆ ಕಟ್ಟಬಹುದು, ಮದುವೆ ಮತ್ತೆ ಮಾಡಲಾಗದು.

ಹುಬ್ಬಳ್ಳಿಯಲ್ಲಿ ಕೆಟ್ಟ ಡಿಸ್ಕಿನಿಂದ ಫೋಟೊ ಹೊರತೆಗೆಯುವವರಿಗೆ ಫೋನ್ ಮಾಡಿದಳು. ಒಂದು ಡಿಸ್ಕಿನ ಪಿನ್ನುಗಳಲ್ಲಿ ವಿಭೂತಿ ಗಟ್ಟಿಯಾಗಿದೆ, ಉಳಿದ ಮೂರು ಅದಲುಬದಲಾಗಿವೆ ಎಂದು ವಿವರಿಸಿದಳು. ಆ ಕಡೆಯವನು ವಿಭೂತಿ ಎಂಬುದನ್ನು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡು, ಕಳಿಸಿಕೊಡಿ, ವಾರಗಳು ಹಿಡಿಯುತ್ತವೆ, ಖಂಡಿತ ಬರುತ್ತದೆ ಎನ್ನಲಾರೆ ಎಂದ.

ಅಷ್ಟರಲ್ಲಿ ಅಂದಾನೆಪ್ಪ ಒಳಗಿನ ಕೋಣೆಯಿಂದ ಒಂದು ಗ್ರೈಂಡರ್ ಹೊತ್ತು ತಂದ.

ಹೊರಗಿನಿಂದ ಅದು ಗ್ರೈಂಡರೇ. ಕಲ್ಲು ತೆಗೆದು ಒಳಗೆ ತಂತಿ, ಸುರುಳಿ ಮತ್ತು ಅವನಿಗೆ ಮಾತ್ರ ಗೊತ್ತಿದ್ದ ಇನ್ನೇನನ್ನೋ ತುಂಬಿದ್ದ. ಮುಚ್ಚಳದ ಮೇಲೆ ನಾಲ್ಕು ದೀಪ. ಹೆಸರು ಭರ್ತಿ ಯಂತ್ರ. ಬಹಳ ದಿನದಿಂದ ಮಾಡಿಟ್ಟಿದ್ದನಂತೆ, ಏನಾದರೂ ಹಾಳಾಗುವ ತನಕ ತೋರಿಸಲು ಸಂದರ್ಭ ಬಂದಿರಲಿಲ್ಲ.

"ಮೂರು ಗೊತ್ತಿದ್ರ ನಾಲ್ಕನೇದು ತಾನ ಗೊತ್ತಾಗ್ತೈತಿ. ಇದಕ್ಕ ನಾ ಅಷ್ಟ ಕಲಿಸೀನಿ," ಎಂದ ಅಂದಾನೆಪ್ಪ.

"ಬ್ಯಾರೆ ಏನೂ ಕಲಿಸಿಲ್ಲ?"

"ಬ್ಯಾರೆ ಏನ್ ಬೇಕು?"

ಬೇರೆ ಏನು ಬೇಕಿತ್ತು ಎಂಬುದು ಆ ಗಳಿಗೆಯಲ್ಲಿ ಅವಳಿಗೂ ಹೊಳೆಯಲಿಲ್ಲ. ಮೂರು ಡಿಸ್ಕುಗಳನ್ನು ಯಂತ್ರಕ್ಕೆ ಸಿಕ್ಕಿಸಿ, ಯಂತ್ರವನ್ನು ಅಂಗಡಿಯ ಕಂಪ್ಯೂಟರುಗಳಿಗೆಲ್ಲ ಜೋಡಿಸಿದರು. ಮೂರು ದೀಪ ಹತ್ತಿದವು. ಯಂತ್ರ ಹಿಟ್ಟು ರುಬ್ಬುವ ಸದ್ದು ಮಾಡಿತು. ನಾಲ್ಕನೆಯ ದೀಪ ಹತ್ತಿತು. ಪರದೆಯ ಮೇಲೆ ಸಹನಾ ಅರಿಶಿನ ಹಚ್ಚಿಕೊಂಡು ನಗುತ್ತ ಕುಳಿತಿದ್ದಳು.

ನೀಲಾಂಬಿಕಾ ಕುರ್ಚಿ ಎಳೆದುಕೊಂಡು ಕುಳಿತಳು. ಬೆಳಗಿನಿಂದ ನಿಂತೇ ಇದ್ದುದು ಆಗ ಅವಳ ಗಮನಕ್ಕೆ ಬಂತು. ಗಂಡನಿಗೆ ತಾನೇ ಚಹಾ ತರಿಸಿ ಕೊಟ್ಟಳು. ಅಂದಾನೆಪ್ಪ ಆ ಚಹಾ ಕುಡಿದ ರೀತಿ ನೋಡಿದರೆ ಯಾರೋ ಹಾರ ಹಾಕಿದ್ದಾರೆ ಅನ್ನಬೇಕಿತ್ತು.

ಆಮೇಲೆ ಅವಳು ಫೋಟೊಗಳನ್ನು ಒಂದೊಂದಾಗಿ ನೋಡತೊಡಗಿದಳು. ವರನ ಕಡೆಯವರು ಬಂದಿಳಿದ ಫೋಟೊದಲ್ಲಿ ಆಟೊರಿಕ್ಷಾಕ್ಕೆ ನಾಲ್ಕು ಚಕ್ರ ಇದ್ದವು.

ಊಟದ ಎಲೆಗಳ ಮೇಲೆ ಮೂರು ಹೋಳಿಗೆ ಬಡಿಸಿದ್ದ ಕಡೆ ನಾಲ್ಕಿದ್ದವು. ಅದನ್ನು ಬಿಡಬಹುದಿತ್ತು. ಮುಂದೆ ತಾಳಿ ಕಟ್ಟುವ ವಿಡಿಯೊ ಬಂತು. ವರ ಮೊದಲ ಗಂಟು ಹಾಕಿದ, ಎರಡನೆಯದು ಹಾಕಿದ, ಮೂರನೆಯದು ಹಾಕಿದ, ಅಕ್ಷತೆ ಬಿತ್ತು. ಅಕ್ಷತೆಯ ನಡುವೆಯೇ ಮತ್ತೆ ಬಗ್ಗಿ ನಾಲ್ಕನೆಯ ಗಂಟು ಬಿಗಿದ. ಬಾಜಾದವರು ಇನ್ನೊಂದು ಸುತ್ತು ಬಾರಿಸಿದರು.

"ಇನ್ನೂ ಗಟ್ಟಿ ಆತಲ್ಲ," ಎಂದ ಅಂದಾನೆಪ್ಪ.

ನೀಲಾಂಬಿಕಾ ಗಂಡನನ್ನು ನೋಡಿದಳು. ಅವನು ಚಹಾದ ಲೋಟ ಕೆಳಗಿಟ್ಟ.

ಅದೇ ಹೊತ್ತಿಗೆ ಕೌಂಟರಿನಲ್ಲಿ ಜಗಳ ಎದ್ದಿತು. ಮುಳಗುಂದ ನಾಕಾದ ಕಡೆಯ ಒಬ್ಬ ಸೊಸೆ, ಅತ್ತೆಯ ಜೊತೆ, ಕಳೆದ ವಾರ ತೆಗೆಸಿದ್ದ ಫೋಟೊದ ಪ್ರಿಂಟ್ ಒಯ್ಯಲು ಬಂದಿದ್ದಳು. ತೆಗೆಸಿದ್ದು ಗಂಡ, ಹೆಂಡತಿ, ಮಗಳು. ಪ್ರಿಂಟರಿಗೂ ಯಂತ್ರದ ತಂತಿ ಹೋಗಿತ್ತಾದ್ದರಿಂದ ಹೊರಬಂದ ಕಾಗದದಲ್ಲಿ ಅವಳ ತೊಡೆಯ ಮೇಲೆ ಇನ್ನೊಂದು ಕೂಸಿತ್ತು. ಇದು ಯಾರ ಕೂಸು ಎಂದು ಸೊಸೆ ಕೇಳುತ್ತಿದ್ದಳು. ಅತ್ತೆ ಮಾತ್ರ ಕನ್ನಡಕ ಏರಿಸಿ ಕಾಗದವನ್ನು ಬೆಳಕಿಗೆ ಹಿಡಿದು, ಮೂಗು ಥೇಟ್ ತನ್ನ ಮಗನದ್ದು, ಗಂಡು ಕೂಸು ಎಂದು ಹೇಳುತ್ತಿದ್ದಳು. ನೀಲಾಂಬಿಕಾ ತಪ್ಪಾಗಿದೆ, ಬೇರೆ ಹಾಕಿಕೊಡುತ್ತೇನೆ ಎಂದು ಎಷ್ಟು ಹೇಳಿದರೂ ಆಕೆ ಕಾಗದ ವಾಪಸು ಕೊಡಲಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೇಬಿಟ್ಟಳು. ಸೊಸೆ ಹಿಂದೆ ಹಿಂದೆ ವಾದಿಸುತ್ತ ಹೋದಳು.

ನೀಲಾಂಬಿಕಾ ಪ್ರಿಂಟರಿನ ತಂತಿ ಕಿತ್ತಳು. ಆಮೇಲೆ ಗಂಡನ ಎದುರು ಕುಳಿತು, ಮೆಲ್ಲಗೆ, ವರದಿ ಒಪ್ಪಿಸುವವಳಂತೆ ಹೇಳಿದಳು. ಮೂರರಿಂದ ನಾಲ್ಕನೆಯದನ್ನು ಕಂಡುಹಿಡಿ ಎಂದು ಅವನು ಯಂತ್ರಕ್ಕೆ ಹೇಳಿದ್ದಾನೆ. ಎಲ್ಲಿ ನಿಲ್ಲಬೇಕು ಎಂದು ಹೇಳಿಲ್ಲ. ಅದು ಡಿಸ್ಕುಗಳನ್ನು ಭರ್ತಿ ಮಾಡಿ ಮುಗಿಸಿ, ಫೋಟೊದೊಳಕ್ಕೆ ಇಳಿದು, ಮೂರು ಕಂಡಲ್ಲೆಲ್ಲ ನಾಲ್ಕು ಮಾಡುತ್ತಿದೆ.

"ಡಿಸ್ಕಿನ ತನಾ ಹೋಗಿ ನಿಂದ್ರು ಅಂತ ಅದಕ್ಕ ಹೇಳ್ರಿ. ಮದುವಿಗೆ ಹೋಗಬ್ಯಾಡ ಅಂತ ಹೇಳ್ರಿ."

ಅಂದಾನೆಪ್ಪನಿಗೆ ನೋವಾಯಿತು. ಸ್ವಂತ ಬುದ್ಧಿಯಿಂದ ಮುಂದುವರಿದ ಯಂತ್ರವನ್ನು ಹಿಂದಕ್ಕೆ ಎಳೆಯುವುದು ವಿಜ್ಞಾನಕ್ಕೆ ಮಾಡುವ ಅವಮಾನ ಎಂದ. ಹೆಂಡತಿ ಗಡಿಯಾರ ತೋರಿಸಿದಳು. ಅವನು ಮುಚ್ಚಳ ಬಿಚ್ಚಿ ತಂತಿಗಳ ನಡುವೆ ಕೈ ಇಟ್ಟ. ಮೊದಲಿನಿಂದ ಎಲ್ಲ ಮತ್ತೆ ಓದಿಸಬೇಕು, ಡಿಸ್ಕುಗಳ ಸರಿಯಾದ ಕ್ರಮ ಯಾವುದು ಎಂದು ತಿರುಗಿಸಿ ತಿರುಗಿಸಿ ನೋಡಬೇಕು, ಹೊತ್ತು ಹಿಡಿಯುತ್ತದೆ ಎಂದ. ಒಂದು ವೇಳೆ ಈ ಬಾರಿ ಮೂರರಲ್ಲಿ ಇನ್ನೊಂದು ಡಿಸ್ಕ್ ಕೈಕೊಟ್ಟರೆ ಏನೂ ಉಳಿಯುವುದಿಲ್ಲ ಎಂಬುದನ್ನು ಅವನು ಹೇಳಲಿಲ್ಲ. ಅವಳಿಗೆ ಗೊತ್ತಿತ್ತು.

ಯಂತ್ರ ರುಬ್ಬತೊಡಗಿತು. ಶಿವಗಂಗವ್ವ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು.

ಪರದೆಯ ಮೇಲೆ ಮೊದಲಿನ ಫೋಟೊಗಳಲ್ಲೊಂದು ಹಾಗೇ ಉಳಿದಿತ್ತು. ನೀಲಾಂಬಿಕಾ ಅದನ್ನು ಮುಚ್ಚುವವರೆಗೂ ಶಿವಗಂಗವ್ವ ತಾಳಲಿಲ್ಲ, ಕನ್ನಡಕ ಹಾಕಿಕೊಂಡು ಹತ್ತಿರ ಹೋದರು. ಮಂಟಪದ ಪಕ್ಕ ವಧುವಿನ ಸೋದರಮಾವಂದಿರು ಸಾಲಾಗಿ ನಿಂತ ಫೋಟೊ. ಒಬ್ಬ, ಇಬ್ಬರು, ಮೂವರು. ಮೂರನೆಯವನ ಪಕ್ಕ ನಾಲ್ಕನೆಯವನು, ಕೆಂಪಂಚಿನ ಧೋತರ ಉಟ್ಟು, ಮುಖ ಗಂಟುಹಾಕಿಕೊಂಡು ನಿಂತಿದ್ದ.

"ಚನ್ನವೀರಣ್ಣ," ಎಂದರು ಶಿವಗಂಗವ್ವ.

ನೀಲಾಂಬಿಕಾಗೆ ಗೊತ್ತಿತ್ತು. ಊರಿಗೇ ಗೊತ್ತಿತ್ತು. ಚನ್ನವೀರಪ್ಪ ಮದುವೆಗೆ ಬಂದಿರಲಿಲ್ಲ. ಹಿರಿಯ ಸೋದರಮಾವ, ಹುಡುಗಿಯನ್ನು ಕೈ ಹಿಡಿದು ಮಂಟಪಕ್ಕೆ ಕರೆತರಬೇಕಾದವನು. ಮನೆಗೆ ಬಂದು ಕುಂಕುಮ ಇಟ್ಟು ಕರೆಯುವ ಮೊದಲೇ ಲಗ್ನಪತ್ರಿಕೆ ಅವನ ಮೊಬೈಲಿಗೆ ಹೋಗಿಬಿಟ್ಟಿತ್ತು. ಸಹನಾ ಎಲ್ಲರಿಗೂ ಒಟ್ಟಿಗೆ ಕಳಿಸಿದಾಗ ಮಾವನ ನಂಬರೂ ಅದರಲ್ಲಿತ್ತು. ಮಂದಿಯ ಜೊತೆ ತನಗೂ ಒಂದು ಎಂದು ಅವನು ಮುನಿದು, ಆಮೇಲೆ ತಂಗಿ ಶಿವಗಂಗವ್ವನೇ ಕುಂಕುಮದ ಭರಣಿ ಹಿಡಿದು ಬಾಗಿಲಿಗೆ ಹೋದಾಗ ಒಳಗಿದ್ದೂ ಇಲ್ಲ ಅನ್ನಿಸಿದ್ದ.

ನೀಲಾಂಬಿಕಾ ಇದ್ದದ್ದನ್ನು ಇದ್ದಂತೆ ಹೇಳಿದಳು. ಡಿಸ್ಕುಗಳು ಕೆಟ್ಟದ್ದು, ಯಂತ್ರ ಇಲ್ಲದವರನ್ನು ಸೇರಿಸಿದ್ದು, ನಿಜವಾದ ಫೋಟೊಗಳು ಇನ್ನೂ ಬರಬೇಕಾದದ್ದು, ಬರದೆಯೂ ಹೋಗಬಹುದಾದದ್ದು. ಶಿವಗಂಗವ್ವ ಅದನ್ನು ಪೂರ್ತಿ ಕೇಳಿಸಿಕೊಂಡರೋ ಇಲ್ಲವೋ. ಅವನನ್ನು ನೋಡಿರದ ಯಂತ್ರಕ್ಕೆ ಅವನ ಮುಖ ಹೇಗೆ ಗೊತ್ತಾಯಿತು ಎಂದು ಕೇಳಿದರು.

ಅಂದಾನೆಪ್ಪ ಮುಂದೆ ಬಂದ. ಮಂಟಪದ ಹತ್ತಿರ ಹೂಹಾರ ಹಾಕಿ ಇಟ್ಟಿದ್ದ ಹಿರಿಯರ ಫೋಟೊ ತೋರಿಸಿದ. ತಂದೆ ತಾಯಿಯ ಮುಖ ಇದೆ, ಮೂರು ಮಕ್ಕಳ ಮುಖ ಇದೆ, ಅವರಲ್ಲಿ ಹಂಚಿಕೆಯಾಗದೆ ಉಳಿದದ್ದನ್ನೆಲ್ಲ ಕೂಡಿಸಿದರೆ ನಾಲ್ಕನೆಯವನು ಎಂದ.

"ಸಿಟ್ಟೂ ಉಳದಿತ್ತೇನು?"

"ನಿಮ್ಮಪ್ಪಾರ ಸಿಟ್ಟು ಆ ಮೂವರಿಗೆ ಬಂದಿಲ್ರಿ. ಎಲ್ಲಾ ಇವರಿಗೇ ಬಂದೈತಿ."

ಶಿವಗಂಗವ್ವ ಮೊದಲ ಸಲ ನಕ್ಕರು. ನಂತರ ನೀಲಾಂಬಿಕಾ ಬೇಡ ಬೇಡ ಎನ್ನುತ್ತಿದ್ದಂತೆಯೇ ತಮ್ಮ ಮೊಬೈಲಿನಿಂದ ಪರದೆಯ ಫೋಟೊ ತೆಗೆದು ಅಣ್ಣನಿಗೆ ಕಳಿಸಿಬಿಟ್ಟರು.

ಚನ್ನವೀರಪ್ಪನ ಕಾಳುಕಡಿ ವ್ಯಾಪಾರದ ಅಡತಿ ಅಂಗಡಿ ಅಲ್ಲಿಂದ ದೂರವೇನಿರಲಿಲ್ಲ. ಚಪ್ಪಲಿ ಸದ್ದು ಮೊದಲು ಬಂತು, ಆಮೇಲೆ ಅವನು ಬಂದ. ಬಂದಿಲ್ಲದ ಮನುಷ್ಯನನ್ನು ಬಂದಿದ್ದಾನೆ ಎಂದು ತೋರಿಸುವುದು ಯಾವ ನ್ಯಾಯ ಎಂದು ಬಾಗಿಲಲ್ಲೇ ಶುರುಮಾಡಿದ. ತಾನು ಬರುವುದಿಲ್ಲ ಎಂದು ಪೇಟೆಯಲ್ಲಿ ನಾಲ್ಕು ಜನರ ಮುಂದೆ ಹೇಳಿದವನು, ಈಗ ಕದ್ದು ಬಂದು ಉಂಡು ಹೋದ ಎಂದು ಜನ ಆಡಿಕೊಳ್ಳುವುದಿಲ್ಲವೇ ಎಂದ. ಪರದೆಯ ಎದುರು ನಿಂತು ಇನ್ನಷ್ಟು ಸಿಟ್ಟಾದ.

"ನನ್ನ ಹತ್ರ ಇಂಥಾ ಧೋತ್ರನ ಇಲ್ಲ. ನನ್ನ ಹೊಟ್ಟಿ ಇಷ್ಟು ಐತೇನು?"

"ಇಷ್ಟ ಐತ್ರಿ," ಎಂದ ಅಂದಾನೆಪ್ಪ. "ಲೆಕ್ಕಾ ಹಾಕಿ ಬಂದದ್ದು."

ಮೊದಲು ತನ್ನನ್ನು ಅಲ್ಲಿಂದ ತೆಗೆಯಿರಿ, ಈಗಲೇ ತೆಗೆಯಿರಿ ಎಂದು ಚನ್ನವೀರಪ್ಪ ಮೇಜು ಕುಟ್ಟಿದ. ಶಿವಗಂಗವ್ವ ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದವರು ಎದ್ದು ಅಣ್ಣನ ಎದುರು ನಿಂತರು.

"ನಿನ್ನ ಹೆಸರು ಗೊತ್ತಿಲ್ಲದ ಮಷಿನ್ನಿಗೆ ಗೊತ್ತಾತು, ನೀ ಇಲ್ಲಂದ್ರ ನಮ್ಮ ಮನಿ ಲೆಕ್ಕ ಕೂಡಂಗಿಲ್ಲಂತ. ನಿನಗ ಗೊತ್ತಾಗ್ಲಿಲ್ಲಲ್ಲೋ ಅಣ್ಣಾ."

ಚನ್ನವೀರಪ್ಪನ ಕೈ ಮೇಜಿನ ಮೇಲೇ ಉಳಿಯಿತು. ಅಂಗಡಿಯಲ್ಲಿ ಯಂತ್ರ ರುಬ್ಬುವ ಸದ್ದೊಂದೇ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು.

ನೀಲಾಂಬಿಕಾ ತಟ್ಟನೆ ಯಂತ್ರದ ಕಡೆ ತಿರುಗಿದಳು. ಮುಚ್ಚಳದ ಮೇಲೆ ನಾಲ್ಕೂ ದೀಪ ಹತ್ತಿದ್ದವು. ಅವಳು ಕಂಪ್ಯೂಟರಿನ ಎದುರು ಕುಳಿತು ಮೊದಲು ತಾಳಿಯ ವಿಡಿಯೊ ತೆರೆದಳು. ಒಂದು, ಎರಡು, ಮೂರು. ಅಕ್ಷತೆ ಬಿತ್ತು. ವರ ನೆಟ್ಟಗೆ ನಿಂತ, ಮತ್ತೆ ಬಗ್ಗಲಿಲ್ಲ. ಅವಳು ಎರಡು ಸಲ ಹಿಂದಕ್ಕೆ ಓಡಿಸಿ ನೋಡಿದಳು. ಅರಿಶಿನ ಇತ್ತು, ಊಟದ ಪಂಕ್ತಿ ಇತ್ತು, ಹುಡುಗಿಯನ್ನು ಕಳಿಸಿಕೊಡುವಾಗ ಶಿವಗಂಗವ್ವ ಕಂಬಕ್ಕೆ ಆತು ನಿಂತದ್ದೂ ಇತ್ತು. ಒಂದೂ ಹೋಗಿರಲಿಲ್ಲ. ಅವಳು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಒಂದು ಉಸಿರು ಬಿಟ್ಟಳು. ಅಂದಾನೆಪ್ಪ ಗ್ರೈಂಡರಿನ ಮೈ ಸವರುತ್ತ ನಿಂತಿದ್ದ. ಸಂಜೆಗೆಂದು ಎತ್ತಿಟ್ಟಿದ್ದ ಬೈಗುಳದಲ್ಲಿ ಮುಕ್ಕಾಲು ಪಾಲು ಅವಳು ಅಲ್ಲೇ ಬಿಟ್ಟುಕೊಟ್ಟಳು.

ಸೋದರಮಾವಂದಿರ ಫೋಟೊ ಬಂತು. ಮೂವರು. ಮೂರನೆಯವನ ಪಕ್ಕ ಖಾಲಿ. ಅವನು ಅಭ್ಯಾಸಬಲದಿಂದ ಇನ್ನೊಬ್ಬನಿಗೆ ಜಾಗ ಬಿಟ್ಟೇ ನಿಂತಿದ್ದ.

ಚನ್ನವೀರಪ್ಪ ಆ ಖಾಲಿ ಜಾಗವನ್ನು ನೋಡಿದ. ತಂಗಿಯ ಕಡೆ ತಿರುಗಲಿಲ್ಲ, ನೀಲಾಂಬಿಕಾಳನ್ನು ಕೇಳಿದ.

"ಮೊದಲಿನ ಫೋಟೊನ ಛಲೋ ಇತ್ತೇನವಾ? ಅದನ್ನ ಇಡಾಕ ಬರ್ತೈತೇನು?"

"ಅದು ಫೋಟೊ ಅಲ್ರಿ ಮಾವಾರ. ಲೆಕ್ಕ. ನೀವು ಬಂದು ನಿಂತ್ರ ಫೋಟೊ ತಗೀತೀನಿ."

ಹೋಗುವಾಗ ಚನ್ನವೀರಪ್ಪ ತಂಗಿಯ ಕೈಯಲ್ಲಿದ್ದ ಚೀಲ ತಾನು ತೆಗೆದುಕೊಂಡ. ಇಬ್ಬರೂ ಬೆಟಗೇರಿಯ ದಾರಿ ಹಿಡಿದು, ತಪ್ಪು ಯಾರದೆಂದು ಜೋರಾಗಿ ಮಾತಾಡುತ್ತ ಹೋದರು.

ಶುಕ್ರವಾರ ಬೆಳಿಗ್ಗೆ ನಾಲ್ವರು ಸೋದರಮಾವಂದಿರೂ ವಧೂವರರೂ ದರ್ಪಣ ಸ್ಟುಡಿಯೊಕ್ಕೆ ಬಂದರು. ಚನ್ನವೀರಪ್ಪ ಸಹನಾಳ ಕೈ ಹಿಡಿದು ಬಾಗಿಲಿನಿಂದ ಫೋಟೊಕ್ಕೆಂದು ಕಟ್ಟಿದ ಪರದೆಯ ಮುಂದಿನವರೆಗೆ ಕರೆತಂದ. ಫೋಟೊ ತೆಗೆದ ನೀಲಾಂಬಿಕಾ ಅದರ ಒಂದು ಪ್ರತಿಯನ್ನು ಹೊಸ ಡಿಸ್ಕ್ ಕೂಡಿಸಿದ ಡಬ್ಬಿಗೆ ಹಾಕಿ, ಇನ್ನೊಂದನ್ನು ಮನೆಗೆ ಒಯ್ದು ಸೀರೆಗಳ ಕೆಳಗಿಟ್ಟು ಬೀಗ ಹಾಕಿದಳು.