ಹುತ್ರಿದುರ್ಗದ ಶರಣಾಗತಿ

ಆ ಭಾನುವಾರ ಬೆಳಿಗ್ಗೆ ಕಸ ಗುಡಿಸಲು ಹೊರಟ ರಂಗಮ್ಮನ ಕೈಗೆ ಸಿಕ್ಕ ಪೊರಕೆ ಮುಡಿ ಕೊಟ್ಟು ಬಂದವರ ತಲೆಯ ಹಾಗಿತ್ತು.

"ಏನ್ರೀ, ಪೊರಕೇನ ಇಲಿ ತಿಂದ್ವಾ?"

"ಇಲ್ಲ ಕಣೇ, ರಾಗಿ ಪೈರಾಯ್ತು," ಎಂದ ಗಂಡ ಚಿಕ್ಕಬೀರಯ್ಯ, ಕಡ್ಡಿ ಅಂಟಿಸುತ್ತಿದ್ದ ಹಲಗೆಯಿಂದ ಕಣ್ಣು ಕೀಳದೆ.

ತುಮಕೂರಿನ ಕಚೇರಿಯೊಂದರ ಗುಮಾಸ್ತನಾದ ಅವನಿಗೆ ಗುಬ್ಬಿಯ ಇತಿಹಾಸದ ಮೇಷ್ಟ್ರು ಸುಬ್ಬಕೃಷ್ಣ ಒಂದು ಹುಚ್ಚು ಹಿಡಿಸಿದ್ದರು. ಹಳೆಯ ಯುದ್ಧಗಳನ್ನು ಮೇಜಿನ ಮೇಲೆ ಪುಟ್ಟ ಸಿಪಾಯಿಗಳನ್ನಿಟ್ಟು, ದಾಳ ಉರುಳಿಸಿ ಆಡುವ ಹುಚ್ಚು. ಇಂದಿನ ಆಟ, ಇಂಗ್ಲಿಷರ ದಂಡು ಹುತ್ರಿದುರ್ಗದ ಬೆಟ್ಟದ ಕೋಟೆ ಹಿಡಿಯಲು ಬಂದದ್ದು. ಸಿಪಾಯಿಗಳು ಮೇಷ್ಟ್ರವು, ಬೆಟ್ಟ, ಬಯಲು ಚಿಕ್ಕಬೀರಯ್ಯನವು.

ಬೆಟ್ಟಕ್ಕೆ ಅವನು ಒಂದು ಕಲ್ಲು ಅಂಟಿಸಿ ಮುಗಿಸಿದ್ದ. ತಿಂಗಳುಗಟ್ಟಲೆ ಕೂತದ್ದೆಲ್ಲ ಬೆಟ್ಟದ ಬುಡದ ಹೊಲಕ್ಕೆ. ಬೆಂಕಿಕಡ್ಡಿಯ ಕೊಟ್ಟಿಗೆ, ನಾರಿನ ಹುಲ್ಲುಮೆದೆ, ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿ, ಹೊಂಗೆಯ ನೆರಳಲ್ಲಿ ಮಣ್ಣಿನ ಜೋಡಿ ಎತ್ತು. ಅದು ಅವನ ಅಪ್ಪನ ಹೊಲ. ಅಣ್ಣ ಮಾರುತ್ತೇನೆಂದಾಗ ಜಗಳ ಬೇಡವೆಂದು ತಲೆಯಾಡಿಸಿ ಬಂದಿದ್ದ. ಬಂದಮೇಲೆ ದಿನವೂ ಆ ಹೊಂಗೆಯ ಗಾಳಿ ನೆನಪಾಗುತ್ತಿತ್ತು.

ಹಲಗೆ ಹೊತ್ತು ಬೀದಿಗಿಳಿದದ್ದೇ ತಡ, ಪಕ್ಕದ ಮನೆಯ ಸದಾಶಿವಯ್ಯ ಅಡ್ಡಬಂದರು.

"ಓಹೋ, ಹೊಸ ಲೇಔಟು! ಯಾವ ಕಡೇದ್ರೀ?"

"ಇದು ಹೊಲ ಸಾರ್."

"ಎಲ್ಲಾ ಲೇಔಟೂ ಮೊದ್ಲು ಹೊಲಾನೇ ಕಣ್ರೀ. ನಂಗೆ ಈ ಕಾರ್ನರ್ ಸೈಟು!" ಎಂದು ಮೆದೆಯ ಮೇಲೆ ಬೆರಳೂರಿದರು. ಮೆದೆ ದೋಸೆಯಾಯಿತು. ಉಪ್ಪಾರಹಳ್ಳಿ ದಾಟುವಷ್ಟರಲ್ಲಿ ಬಾವಿಯ ಪಕ್ಕದ ಜಾಗಕ್ಕಾಗಿ ದಾರಿಹೋಕರಿಬ್ಬರು ಜಗಳವಾಡುತ್ತ ಅವನ ಹಿಂದೆಯೇ ಬಸ್‌ಸ್ಟ್ಯಾಂಡಿನವರೆಗೂ ಬಂದರು.

ಗುಬ್ಬಿ ಬಸ್ಸಿನಲ್ಲಿ ಪಕ್ಕದ ಮುದುಕಿಯ ಚೀಲದಿಂದ ಕೋಳಿಯೊಂದು ಕತ್ತು ಚಾಚಿ, ಹಲಗೆಯ ಮೇಲಿನ ಕಣದಲ್ಲಿ ಅಂಟಿಸಿದ್ದ ನಿಜವಾದ ರಾಗಿಯನ್ನು ಕುಕ್ಕತೊಡಗಿತು.

"ಅಮ್ಮಾ, ಕೋಳಿ, ಕೋಳಿ!"

ಮುದುಕಿ ಕೋಳಿಯನ್ನು ಒಳಗೆ ತುರುಕಿ, ಹಲಗೆಯತ್ತ ಬಗ್ಗಿದವಳು ಹಾಗೇ ನೋಡುತ್ತ ಕೂತಳು. "ನಮ್ ತವರ್ನಾಗೂ ಬಾವಿ ತಾವ ಇಂಗೇ ವೊಂಗೆ ಮರ ಇತ್ತು ಕಣಪ್ಪ," ಎಂದಳು. ಚಿಕ್ಕಬೀರಯ್ಯನಿಗೆ ಕೋಳಿಯ ಮೇಲಿದ್ದ ಸಿಟ್ಟೆಲ್ಲ ಇಳಿಯಿತು.

ಸುಬ್ಬಕೃಷ್ಣರ ಮನೆಯಲ್ಲಿ ಮೆದೆಯನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ್ದಾಯಿತು. ಚೀಟಿ ಎತ್ತಿದಾಗ ಕೋಟೆಯ ಪಕ್ಷ ಚಿಕ್ಕಬೀರಯ್ಯನಿಗೆ ಬಂತು. ಮೇಷ್ಟ್ರು ಇದ್ದಿಲ ಪುಡಿಯ ಬಟ್ಟಲನ್ನು ಅವನತ್ತ ಸರಿಸಿದರು.

"ಮೊದಲು ನೀವು ಹೊಲ, ಮೆದೆ, ಕೊಟ್ಟಿಗೆ ಎಲ್ಲಾ ಸುಡಬೇಕು. ಪೈರು ಕಿತ್ತು ಇದನ್ನ ಬಳೀರಿ."

"ನಮ್ ಹೊಲಾನ ನಾವೇ ಸುಡೋದಾ ಸಾರ್?"

"ಶತ್ರುವಿನ ಕುದುರೆಗೆ ಮೇವು ಸಿಗಬಾರದಲ್ಲ. ಆಗೆಲ್ಲ ಹಾಗೇ ಮಾಡ್ತಿದ್ದಿದ್ದು."

"ಸುಡ್ದೇ ಇದ್ರೆ?"

"ಶರಣಾಗ್ಬೇಕು."

ಚಿಕ್ಕಬೀರಯ್ಯ ಪೈರಿನ ಮೇಲೆ ಕೈಯಿಟ್ಟ. ಪೊರಕೆಯ ಕಡ್ಡಿಗಳು ಅಂಗೈಗೆ ಚುಚ್ಚಿದವು.

"ಶರಣು ಸಾರ್. ಕೋಟೆ ನೀವೇ ಇಟ್ಕೊಳಿ."

ಒಂದು ದಾಳವೂ ಉರುಳದೆ ಯುದ್ಧ ಮುಗಿಯಿತು. ಸೋತ ಸೇನಾಪತಿ ಹಗುರವಾದ ಮನಸ್ಸಿನಿಂದ ಹಲಗೆಗೆ ಕೈಹಾಕಿದ. ಮೇಷ್ಟ್ರು ಅದರ ಇನ್ನೊಂದು ತುದಿಯನ್ನು ಹಿಡಿದುಕೊಂಡರು.

"ಎಲ್ಲಿಗೆ ಚಿಕ್ಕಬೀರಯ್ಯನೋರೇ? ಶರಣಾದವರ ನೆಲವೆಲ್ಲ ಗೆದ್ದವರದು. ಯುದ್ಧದ ನಿಯಮ."

"ತಮಾಷೆನಾ ಸಾರ್?"

"ಯುದ್ಧದಲ್ಲಿ ತಮಾಷೆ ಉಂಟೇನ್ರೀ?" ಎನ್ನುತ್ತ ಮೇಷ್ಟ್ರು ಹೊಲವನ್ನು ಎತ್ತಿ ಗಾಜಿನ ಬೀರುವಿನೊಳಗಿಟ್ಟು ಬೀಗ ಹಾಕಿಯೇಬಿಟ್ಟರು.

ಚಿಕ್ಕಬೀರಯ್ಯ ಜಗಳವಾಡಲಿಲ್ಲ. ಮೇಷ್ಟ್ರ ಹೆಂಡತಿ ಕಮಲಾಕ್ಷಮ್ಮ ಕೊಟ್ಟ ಕಾಫಿ ಕುಡಿದು, ಬರಿಗೈಯಲ್ಲಿ ಬಾಗಿಲವರೆಗೆ ಹೋದವನು ತಿರುಗಿ ನಿಂತ.

"ಸಾರ್... ಸಂಜೆ ಆದ್ಮೇಲೆ ಆ ಎತ್ತುಗಳ್ನ ಒಳಕ್ಕೆ ಕಟ್ಬುಡಿ."