ಜ್ವರ ಬಾರದವರ ಬಡಾವಣೆ

ಡೆಂಗಿಯ ಹೊಸ ಲಸಿಕೆಯನ್ನು ಜನರಿಗೆ ಕೊಡಬಹುದೇ ಬಾರದೇ ಎಂದು ತೀರ್ಮಾನಿಸುವ ಸಮಿತಿಯನ್ನು, ಲಸಿಕೆ ಬಂದು ಶೀತಲ ಕೋಣೆ ತುಂಬಿದ ಮರುದಿನ ರಚಿಸಲಾಯಿತು.

ಮೊದಲ ಸಭೆಗೆ ಹೊಗೆಯಣ್ಣನಿಗೂ ಕರೆ ಬಂತು. ಅವನು ಪೂರ್ವ ಬಡಾವಣೆಯ ಸೊಳ್ಳೆ ನಿಯಂತ್ರಣ ಮೇಲ್ವಿಚಾರಕ. ಹೊಗೆಯಂತ್ರ ಹೆಗಲಿಗೇರಿಸಿ ಓಣಿ ಓಣಿ ಸುತ್ತುತ್ತಿದ್ದುದರಿಂದ ಜನ ಇಟ್ಟ ಹೆಸರು ಅದು. ಯಾರ ಹಿತ್ತಿಲಲ್ಲಿ ಒಡಕು ಬಕೆಟ್ಟಿನಲ್ಲಿ ನೀರು ನಿಂತಿದ್ದರೂ ಮಗುಚಿ ಹಾಕದೆ ಮುಂದಕ್ಕೆ ಹೋದವನಲ್ಲ. ಅವನ ಬಡಾವಣೆಗೆ ಡೆಂಗಿ ಕಾಲಿಟ್ಟು ವರ್ಷಗಳೇ ಆಗಿದ್ದವು. ಸನ್ಮಾನವಿರಬಹುದೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ.

ಸಮಿತಿಯ ವೈದ್ಯರು ಎದ್ದು ನಿಂತು, "ಒಮ್ಮೆ ಡೆಂಗಿ ಬಂದು ಹೋದವರಿಗೆ ಈ ಲಸಿಕೆಯಿಂದ ಲಾಭ. ಒಮ್ಮೆಯೂ ಬಾರದವರಿಗೆ ಅಪಾಯ. ಲಸಿಕೆ ಹಾಕಿದ ಮೇಲೆ ಡೆಂಗಿ ಬಂದರೆ ಇನ್ನಷ್ಟು ಉಲ್ಬಣವಾಗಬಹುದು. ಮೊದಲು ಎಲ್ಲರ ರಕ್ತ ಪರೀಕ್ಷೆ ಆಗಬೇಕು" ಎಂದರು.

"ಪರೀಕ್ಷೆಗೆ ಅನುದಾನ ಇದೆಯೇ?" ಅಧ್ಯಕ್ಷರು ಕೇಳಿದರು.

"ಇಲ್ಲ."

"ಲಸಿಕೆ ವಾಪಸ್ಸು ಕೊಡಬಹುದೇ?"

"ಆಗಲ್ಲ ಸಾರ್," ಎಂದ ಉಗ್ರಾಣದವನು. "ಉದ್ಘಾಟನೆಯ ಕಲ್ಲು ಕೆತ್ತಿಸಿಬಿಟ್ಟಿದ್ದೇವೆ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. "ಅಂದರೆ ಅಪಾಯ ಇರುವುದು ಲಸಿಕೆಯಲ್ಲಲ್ಲ, ಜ್ವರ ಬಾರದವರಲ್ಲಿ. ಅಂಥವರೇ ಇಲ್ಲದಂತೆ ಮಾಡಿದರೆ?"

ವೈದ್ಯರು ಬಾಯಿ ತೆರೆದರು. ಅಷ್ಟರಲ್ಲಿ ಚಹಾ ಬಂತು. ಸಲಹೆ ಅವಿರೋಧವಾಗಿ ಅಂಗೀಕಾರವಾಯಿತು.

ಅಧ್ಯಕ್ಷರು ಹೊಗೆಯಣ್ಣನ ಕಡೆ ತಿರುಗಿದರು. "ನಿಮ್ಮ ಬಡಾವಣೆಯಲ್ಲಿ ಲಸಿಕೆಗೆ ಅರ್ಹನಾದವ ಒಬ್ಬನೂ ಇಲ್ಲವಲ್ರೀ. ಇಷ್ಟು ವರ್ಷ ಏನು ಮಾಡ್ತಾ ಇದ್ರಿ?"

"ಸೊಳ್ಳೆ ಕೊಲ್ತಾ ಇದ್ದೆ ಸಾರ್."

"ಅದೇ ನೋಡಿ."

ಸಂಜೆಯೊಳಗೆ ಪ್ರಕಟಣೆ ಹೊರಬಿತ್ತು: 'ಸಾರ್ವಜನಿಕ ಆರೋಗ್ಯದ ಹಿತದೃಷ್ಟಿಯಿಂದ ಪ್ರತಿ ಮನೆಯವರೂ ಮುಚ್ಚಳವಿಲ್ಲದ ಪಾತ್ರೆಯೊಂದರಲ್ಲಿ ನೀರು ನಿಲ್ಲಿಸತಕ್ಕದ್ದು. ಸದರಿ ನೀರನ್ನು ಕಲಕತಕ್ಕದ್ದಲ್ಲ. ಸೊಳ್ಳೆಗಳಿಗೆ ಕಿರುಕುಳ ಕೊಡುವವರ ಮೇಲೆ ಕ್ರಮ ಜರುಗಿಸಲಾಗುವುದು. ಮಳೆಗಾಲ ಮುಗಿಯುವುದರೊಳಗೆ ಮನೆಗೊಬ್ಬರಾದರೂ ಜ್ವರ ಪಡೆದು ಅರ್ಹರಾಗತಕ್ಕದ್ದು. ಇಲಾಖೆಯ ನೌಕರರು ಇತರರಿಗೆ ಮಾದರಿಯಾಗಿ ತಮ್ಮ ಮಕ್ಕಳಿಗೆ ಆದ್ಯತೆ ನೀಡತಕ್ಕದ್ದು.'

ಹೊಗೆಯಣ್ಣ ಹೊಗೆಯಂತ್ರವನ್ನು ಉಗ್ರಾಣಕ್ಕೆ ಒಪ್ಪಿಸಿ, ಮನೆಮನೆಗೆ ಹೋಗಿ ನೀರು ನಿಲ್ಲಿಸಲು ಹೇಳತೊಡಗಿದ. ಮೂಲೆಮನೆಯ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಹೋದ ವರ್ಷ ನನ್ನ ತೊಟ್ಟಿ ಚೆಲ್ಲಿ ದಂಡ ಹಾಕಿದ್ದು ನೀನೇ ಅಲ್ವೇನಪ್ಪಾ?"

"ಅದು ಹಳೇ ಆದೇಶ ಅಜ್ಜಿ. ಈಗ ತೊಟ್ಟಿ ಖಾಲಿಯಿದ್ರೆ ದಂಡ."

"ಹಾಗಾದ್ರೆ ಆ ದಂಡ ವಾಪಸ್ ಕೊಡು."

"ಅದು ಹಳೇ ದಂಡ ಅಜ್ಜಿ."

ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ಹಿಡಿದಳು. ಒಳಗೆ ಏಳು ವರ್ಷದ ಮಗಳು ಸೊಳ್ಳೆಪರದೆಯೊಳಗೆ ಕೂತು ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು.

"ಏನ್ರೀ, ಪುಟ್ಟಿಯ ಪರದೆ ಬಿಚ್ಚಬೇಕಂತೆ?"

"ಮಾದರಿಯಾಗಬೇಕಂತೆ ಕಣೇ. ಇಲ್ಲದಿದ್ರೆ ಅಮಾನತು."

"ಪರದೆ ಮುಟ್ಟಿ ನೋಡೋಣ! ಮನೆಗೊಬ್ಬರು ತಾನೇ? ನೀವೇ ಹೋಗಿ ಹೊರಗೆ ಮಲಗಿ. ಕಚ್ಚಿಸಿಕೊಳ್ಳೋಕೆ ನಿಮ್ಮ ಮೈಯಲ್ಲಿ ಜಾಗ ಬೇಕಾದಷ್ಟಿದೆ."

"ಈ ಸೊಳ್ಳೆ ಕಚ್ಚೋದು ಹೆಚ್ಚಾಗಿ ಹಗಲಲ್ಲಿ."

"ಹಾಗಾದ್ರೆ ರಜೆ ಹಾಕಿ."

ರಜೆ ಕರ್ತವ್ಯದ ಲೆಕ್ಕದಲ್ಲೇ ಮಂಜೂರಾಯಿತು. ಹೊಗೆಯಣ್ಣ ಬರಿಮೈಯಲ್ಲಿ ಹಿತ್ತಿಲ ಪೀಪಾಯಿಯ ಪಕ್ಕ ಕುರ್ಚಿ ಹಾಕಿ ಕೂತ. ವರ್ಷಗಟ್ಟಲೆ ಹೊಗೆ ಹೀರಿದ ಮೈ. ಸೊಳ್ಳೆಗಳು ಮೊದಮೊದಲು ದೂರದಿಂದಲೇ ನೋಡಿ ಹೋದವು. ಪಕ್ಕದ ಮನೆಯವನಿಗೆ ಜ್ವರ ಬಂತು, ಅವನ ತಮ್ಮನಿಗೂ ಬಂತು. ಹೊಗೆಯಣ್ಣನ ಕಣ್ಣು ಒಳಗಿನ ಪುಟ್ಟಿಯ ಪರದೆಯ ಕಡೆ ಹೋಗಿ ಹೋಗಿ ಬರುತ್ತಿತ್ತು. ಕೊನೆಗೊಂದು ಮಧ್ಯಾಹ್ನ ಅವನಿಗೂ ಚಳಿ ಹತ್ತಿತು. ಒಂದೊಂದು ಕೀಲನ್ನೂ ಯಾರೋ ತಿರುಚಿ ಕಳಚಿದಂಥ ನೋವು. ಆಸ್ಪತ್ರೆಯಲ್ಲಿ ಡೆಂಗಿಯೇ ಎಂದು ಗೊತ್ತಾದಾಗ ಹೆಂಡತಿ, "ಸದ್ಯ!" ಎಂದು ಕೂತಳು, ಆಮೇಲೆ ಅತ್ತಳು.

ಮಳೆಗಾಲ ಮುಗಿಯುವಷ್ಟರಲ್ಲಿ ಬಡಾವಣೆ ಬಹುಮಟ್ಟಿಗೆ ಅರ್ಹವಾಯಿತು, ಒಬ್ಬರಿಗೂ ಹಾಕುವ ಮೊದಲೇ ಲಸಿಕೆಯ ಬಳಕೆಯ ಅವಧಿಯೂ ಮುಗಿಯಿತು. ಲಸಿಕೆಯಿಂದ ಒಬ್ಬರಿಗೂ ಅಪಾಯವಾಗಿಲ್ಲವೆಂದು ಸಮಿತಿ ಸಂತೋಷದಿಂದ ದಾಖಲಿಸಿ, ಇನ್ನೊಂದು ಕಂತು ತರಿಸಲು ಶಿಫಾರಸು ಮಾಡಿತು.

ಗೋಡೆ ಹಿಡಿದು ನಡೆಯುತ್ತಿದ್ದ ಹೊಗೆಯಣ್ಣನಿಗೆ ಶಾಲು ಹೊದಿಸಲು ಅಧ್ಯಕ್ಷರು ಖುದ್ದಾಗಿ ಮನೆಗೆ ಬಂದರು. ಹೊದಿಸುತ್ತಾ ಪರದೆಯ ಕಡೆ ನೋಡಿದರು.

"ಮಗಳಿಗೆ ಇನ್ನೂ ಬಂದಿಲ್ಲ ಅಂತ ಕಾಣುತ್ತೆ?"

ಹೆಂಡತಿ ಮುಂದೆ ಬಂದಳು.

"ಬರುತ್ತೆ ಸಾರ್. ಅವಳಿಗಿನ್ನೂ ಚಿಕ್ಕ ವಯಸ್ಸು."

"ಅವಸರವೇನಿಲ್ಲಮ್ಮಾ," ಅಧ್ಯಕ್ಷರು ಉದಾರವಾಗಿ ಹೇಳಿದರು. "ಮುಂದಿನ ಮಳೆಗಾಲದವರೆಗೆ ಅವಧಿ ವಿಸ್ತರಿಸೋಣ."

"ದೊಡ್ಡ ಉಪಕಾರವಾಯ್ತು ಸಾರ್," ಎಂದು ಹೊಗೆಯಣ್ಣ ಕೈಮುಗಿದ. ನೆರೆದವರೆಲ್ಲ ಚಪ್ಪಾಳೆ ತಟ್ಟಿದರು.