ಸವತಿಯರಿಗೊಂದು ಕಂದೀಲು

ನನಗೆ ಐದು ಜನ ಸವತಿಯರಿದ್ದರು ಎಂದರೆ ನಂಬುತ್ತೀರಾ? ಐವರಿಗೂ ಮೈತುಂಬ ಪುಕ್ಕ! ಸಂಜೆಯಾದರೆ ಸಾಕು, ನನ್ನ ಗಂಡ ಹೋಗಿ ಕೂರುತ್ತಿದ್ದುದು ಅವರ ಹತ್ತಿರವೇ. ಕೋಳಿಗಳನ್ನು ಕಂಡು ಹೊಟ್ಟೆ ಉರಿಸಿಕೊಂಡೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನನ್ನ ಜಾಗದಲ್ಲಿ ನೀವಿದ್ದರೂ ಅಷ್ಟೇ.

ನಿಜಾಮರ ಆಳ್ವಿಕೆ ಮುಗಿದು, ನಮ್ಮವರು ಗುಮಾಸ್ತರಾಗಿದ್ದ ಸುರಪುರದ ಕಚೇರಿಯಲ್ಲಿ ಉರ್ದು ಹೋಗಿ ಕನ್ನಡ ಬರುತ್ತಿದ್ದ ವರ್ಷಗಳವು. ಉಳಿದ ಗುಮಾಸ್ತರು ಕನ್ನಡ ಅಕ್ಷರ ತಿದ್ದುತ್ತ ಕೂತರೆ ಇವರ ತಲೆಯಲ್ಲಿ ಬರೀ ಕೋಳಿ! ಕಚೇರಿ ಕೆಲಸಕ್ಕೆ ಯಾದಗಿರಿಗೆ ಹೋದವರು ಅಲ್ಲಿ ದನದ ಡಾಕ್ಟರ ಬಾಯಿಂದ ಒಂದು ಸಂಗತಿ ಕೇಳಿಕೊಂಡು ಬಂದಿದ್ದರು. ಹೆಣ್ಣುಕೋಳಿ ಮೈನೆರೆಯುವುದು ಕಾಳು ತಿಂದಷ್ಟಕ್ಕೇ ಅಲ್ಲವಂತೆ, ಹಗಲು ನೋಡಿಕೊಂಡಂತೆ! ಹಗಲು ಉದ್ದವಾಗುತ್ತ ಹೋದರೆ ಬೇಗ ತತ್ತಿ ಇಡುತ್ತವೆ. ಚಳಿಗಾಲದ ಗಿಡ್ಡ ಹಗಲಿನಲ್ಲಿ ಶಿವರಾತ್ರಿವರೆಗೂ ಹುಡುಗಿಯರಾಗಿಯೇ ಉಳಿದುಬಿಡುತ್ತವೆ.

ಹಗಲನ್ನು ಎಳೆದು ಉದ್ದ ಮಾಡುವುದು ಹೇಗೆ? ದೀಪಾವಳಿ ಕಳೆದದ್ದೇ ತಡ, ಅಲ್ಲೇ ರಂಗಂಪೇಟೆಯಲ್ಲಿದ್ದ ನಮ್ಮ ಮನೆಯ ಒಂದೇ ಒಂದು ಕಂದೀಲು ಕೋಳಿಗೂಡಿಗೆ ಹೋಯಿತು. ಎರಡನೆಯ ಸಲ ಬಸುರಿಯಾಗಿದ್ದ ನಾನು ಒಲೆಯ ಉರಿಯ ಬೆಳಕಿನಲ್ಲಿ ರೊಟ್ಟಿ ಬಡಿಯಬೇಕು, ಆ ಮಹಾರಾಣಿಯರಿಗೆ ಕಂದೀಲು! ಅದೂ ಚಿಮಣಿ ಎಣ್ಣೆಗೆ ಪರದಾಡುತ್ತಿದ್ದ ಕಾಲದಲ್ಲಿ. ಗೂಡಿನ ಹುಲ್ಲಿಗೆ ಬೆಂಕಿ ತಾಗೀತೆಂದು ಇವರೇ ಕಾವಲು. ನಾನು ಹೊಸ ಸೀರೆ ಉಟ್ಟು ಎದುರಿಗೆ ಸುಳಿದಾಡಿದರೂ ಕಣ್ಣಿಗೆ ಬೀಳಲಿಲ್ಲ. ಕೋಳಿಯೊಂದರ ಜುಟ್ಟು ಚೂರು ಕೆಂಪಾದದ್ದು ಮಾತ್ರ ಕಂಡಿತು, ತತ್ತಿಯ ದಿನ ಹತ್ತಿರವಾಯಿತೆಂದು ನನ್ನನ್ನೇ ಕರೆದು ತೋರಿಸಿದರು!

ಆದರೆ ಗೂಡಿನಲ್ಲಿ ಒಂದು ಹುಂಜವೂ ಇತ್ತಲ್ಲ. ಒಂದು ರಾತ್ರಿ ಎಲ್ಲರ ಊಟ ಮುಗಿಯುತ್ತಿದ್ದಂತೆ ಅದು ಕಂದೀಲನ್ನೇ ಸೂರ್ಯನೆಂದುಕೊಂಡು ಗಂಟಲು ಹರಿಯುವಂತೆ ಕೂಗಿತು. ಆಗಷ್ಟೇ ಅಡ್ಡಾಗಿದ್ದ ಪಕ್ಕದ ಮನೆಯ ಅಜ್ಜಿ ಬೆಳಗಾಯಿತೆಂದು ಎದ್ದು ಕಸ ಗುಡಿಸಿ, ಅಂಗಳಕ್ಕೆ ಸಗಣಿನೀರು ಹೊಡೆದು ರಂಗೋಲಿಯನ್ನೂ ಹಾಕಿಬಿಟ್ಟಳು. ನಮ್ಮವರಿಗೆ ಅವಳಿಂದ ಸಿಕ್ಕ ಬೈಗುಳ ಕೇಳಿ ನಾನು ಒಳಗೆ ನಿಂತು ಹಿಗ್ಗಿದೆ.

ಎಳ್ಳಮಾವಾಸ್ಯೆ ಬಂತು. ಹೊಲಕ್ಕೆ ಹೋಗಿ ಭೂತಾಯಿಗೆ ಎಡೆ ಎರಚಿ ಚರಗ ಚೆಲ್ಲಿ ಬರೋಣವೆಂದರೆ, ಸಂಜೆ ಕಂದೀಲು ಹಚ್ಚುವ ಹೊತ್ತಿಗೆ ತಿರುಗಿ ಬರಲಾಗುವುದಿಲ್ಲ ಎಂದುಬಿಟ್ಟರು! ನನಗೆ ಸಾಕಾಯಿತು. ಮರುದಿನ ಬೆಳಿಗ್ಗೆ ಬಟ್ಟೆ ಗಂಟು ಕಟ್ಟಿ ಹೊರಗಿಟ್ಟೆ.

"ಅವುಗಳ ಜೋಡೀನ ಸಂಸಾರ ಮಾಡ್ರಿ. ನಾ ತವರಿಗೆ ಹೊಂಟೀನಿ."

ಅವರು ಗೂಡಿನಿಂದ ಆಗಷ್ಟೇ ಬಂದಿದ್ದರು. ಅಂಗೈಯಲ್ಲಿ ಮೊದಲ ತತ್ತಿ. ನಿಂಬೆಹಣ್ಣಿಗಿಂತ ತುಸು ದೊಡ್ಡದಿರಬೇಕು. ಇಷ್ಟು ದಿನ ಎಣ್ಣೆ ಸುಟ್ಟದ್ದು ಈ ಗೋಲಿಗುಂಡಿಗಾಗಿಯೇ ಎಂದು ಹಂಗಿಸಿದೆ. ಅವರು ಧೋತರದ ಚುಂಗಿನಿಂದ ಅದನ್ನು ಒರೆಸುತ್ತ ನಿಂತರು.

"ಹೋದ ಸಲ ನಿನ್ನ ಬಾಣಂತನದಾಗ ತತ್ತಿ ಕೊಡ್ರಿ ಅಂದಿದ್ರು, ದವಾಖಾನ್ಯಾಗ. ಶಹಾಪುರತನಕ ಹೋಗಿ ಮನಿಮನಿ ಕೇಳೀನಿ. ಥಂಡಿ ದಿನ, ಯಾರ ಕೋಳಿನೂ ಇಟ್ಟಿರಲಿಲ್ಲ. ಬರಿಗೈಲೆ ಬಂದೆ. ಈ ಸಲ ನಿನ್ನ ದಿನಾ ತುಂಬೋದ್ರಾಗ ಇವು ತಯಾರ ಆಗಬೇಕಲ್ಲ."

ಹೋದ ಸಲ ನನ್ನ ಹಾಲು ಬತ್ತಿತ್ತು. ಕೂಸು ಉಳಿಯಲಿಲ್ಲ. ಅಂದಿನಿಂದ ಅದರ ಮಾತನ್ನು ಅವರೂ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ. ಅವರು ಮರೆತೇಬಿಟ್ಟಿದ್ದಾರೆ ಎಂದುಕೊಂಡಿದ್ದೆ. ಅಂಗಳದಲ್ಲೇ ಕೂತು ಅತ್ತುಬಿಟ್ಟೆ.

ಆ ಸಂಜೆ ಕಂದೀಲಿನ ಗಾಜು ಒರೆಸಿ ಎಣ್ಣೆ ತುಂಬಿದವಳು ನಾನು. ಗೂಡಿಗೆ ಒಯ್ದು ತೂಗುಹಾಕಿದವಳೂ ನಾನೇ. ಸವತಿಯರು ಐವರೂ ಕತ್ತು ಕೊಂಕಿಸಿ ನೋಡಿದರು. ಅವರನ್ನು ತುಸು ಅತ್ತ ಸರಿಸಿ, ನನ್ನ ಗಂಡನ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತೆ.